ಪರದೇಶದ ಕೆಲಸಕ್ಕೆ ಬೇಕಾದ ಇಂಗ್ಲಿಷು

ಕೋಡಿಂಬಾಳ ದೊಡ್ಡ ಊರೇನಲ್ಲ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದು, ಈಗ ಕಡಬ ತಾಲ್ಲೂಕಿನಲ್ಲಿದೆ. ಅಡಿಕೆ ತೋಟ, ರಬ್ಬರು ಗುಡ್ಡ, ಮಂಗಳೂರು–ಹಾಸನ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣ. ಹೊರಗಿನವರಿಗೆ ಗುರುತು ಹೇಳಲು ಇಷ್ಟು ಸಾಕು. ಆದರೂ ಇಲ್ಲಿಯ ಯಾವ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡಿದರೂ ಸ್ವಲ್ಪ ಹೊತ್ತಿನಲ್ಲಿ ದಮ್ಮಾಮ್, ಮಸ್ಕತ್, ದುಬಾಯಿ ಮುಂತಾದ ಹೆಸರುಗಳು ಬಾರದಿರುವುದಿಲ್ಲ. ಆ ಮಾತಿನ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: "ಇಂಗ್ಲಿಷು ಬಂದರೆ ಲೋಕದಲ್ಲಿ ಎಲ್ಲಿ ಹೋದರೂ ಕೆಲಸ ಉಂಟು."

ಮಕ್ಕಳನ್ನು ಶಾಲೆಗೆ ಸೇರಿಸಲು ಬರುತ್ತಿದ್ದ ತಂದೆತಾಯಿಗಳ ಬಾಯಲ್ಲಿ ಈ ಮಾತನ್ನು ನಾನು ವರ್ಷವರ್ಷವೂ ಕೇಳಿದ್ದೇನೆ. ಅದು ಸುಳ್ಳೆಂದು ಹೇಳಲಾಗದು. ಆದರೆ ನಮ್ಮ ಜಿಲ್ಲೆಯವರು ಪರದೇಶದಲ್ಲಿ ಕೆಲಸ ಹುಡುಕಿದ ಚರಿತ್ರೆಯನ್ನು ನೋಡಿದರೆ, ಅವರಿಗೆ ಪ್ರಯೋಜನಕ್ಕೆ ಬಂದದ್ದು ಬಾಯಿಯ ಇಂಗ್ಲಿಷಿಗಿಂತಲೂ ಕಾಗದದ ಇಂಗ್ಲಿಷು ಎಂಬುದು ತಿಳಿಯುತ್ತದೆ. ಅರ್ಜಿ, ಅಂಕಪಟ್ಟಿ, ಪಾಸ್‌ಪೋರ್ಟಿನ ಒಂದು ಮುದ್ರೆ, ಕರಾರುಪತ್ರ – ಇವುಗಳ ದಾರಿಯಲ್ಲಿಯೇ ಈ ಚರಿತ್ರೆ ನಡೆದಿದೆ.

ಮೊದಲು ಒಂದು ವಿಷಯವನ್ನು ನೆನಪಿಸಿಕೊಳ್ಳಬೇಕು. ಪರದೇಶದಲ್ಲಿ ಕೆಲಸ ಮಾಡುವವರು ಅಲ್ಲಿಯ ಭಾಷೆಯನ್ನು ಕಲಿಯಬೇಕೆಂಬ ಪಾಠವನ್ನು ನಮ್ಮ ಜಿಲ್ಲೆ ನೋಡಿದ್ದು ಹೊರಗಿನಿಂದ ಬಂದವರಲ್ಲಿ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರಲ್ಲಿ ಬಹುಮಂದಿಯ ಮನೆಮಾತು ಜರ್ಮನ್. ಆಳುವವರ ಭಾಷೆಯಾದ ಇಂಗ್ಲಿಷು ತಿಳಿದಿದ್ದರೂ ಅಷ್ಟರಿಂದ ಅವರ ಕೆಲಸ ಸಾಗುವಂತಿರಲಿಲ್ಲ. ಅವರು ಕನ್ನಡ ಕಲಿತರು, ತುಳು ಕಲಿತರು. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ನಮ್ಮವರು ಹೊರಗೆ ಹೊರಟಾಗ ಪರಿಸ್ಥಿತಿ ಬೇರೆಯಾಗಿತ್ತು. ಅವರು ಹೋದ ಕಡೆಗಳಲ್ಲಿ ಕೆಲಸ ಕೊಡುತ್ತಿದ್ದವರು ಆ ನಾಡಿನವರಾಗಿರದೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ ಲೆಕ್ಕ ಬರೆಯುವ ಕಂಪೆನಿಗಳೂ ಸರಕಾರಿ ಕಛೇರಿಗಳೂ ಆಗಿದ್ದವು.

1956ರ ವರೆಗೆ ನಮ್ಮ ಜಿಲ್ಲೆ ಮದರಾಸು ಆಡಳಿತಕ್ಕೆ ಒಳಪಟ್ಟಿತ್ತು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು ಆರಂಭವಾದವು. ಈ ಶಾಲೆಗಳಿಂದ ಹೊರಬಂದವರಿಗೆಲ್ಲ ಮಂಗಳೂರಿನಲ್ಲಿ ಕೆಲಸ ಎಲ್ಲಿಂದ ಬರಬೇಕು? ಹಂಚಿನ ಕಾರ್ಖಾನೆಗಳಲ್ಲಿ ಎಷ್ಟು ಮಂದಿ ಗುಮಾಸ್ತರು ಬೇಕು? ಆದುದರಿಂದ ಬೊಂಬಾಯಿ, ಮದರಾಸುಗಳತ್ತ, ಅಲ್ಲಿಂದ ಮುಂದಕ್ಕೆ ಹಡಗಿನ ದಾರಿಯತ್ತ ಅವರ ದೃಷ್ಟಿ ಹೋಯಿತು.

ಅರಬರ ನಾಡು ನಮಗೆ ತೀರ ದೂರದ್ದಾಗಿರಲಿಲ್ಲ ಎಂಬುದನ್ನು ಇಂದಿನ ತರುಣರು ಅರಿಯರು. ಪರ್ಷಿಯಾ ಕೊಲ್ಲಿಯ ಬ್ರಿಟಿಷ್ ರೆಸಿಡೆಂಟರು 1947ರ ವರೆಗೆ ಭಾರತ ಸರಕಾರದ ಅಧೀನರಾಗಿದ್ದರು. ಅವರ ಕಛೇರಿ ಮೊದಲು ಇರಾನಿನ ಬುಶೆಹರಿನಲ್ಲಿದ್ದು 1946ರಲ್ಲಿ ಬಹರೈನಿಗೆ ಬಂದಿತು. ಅಲ್ಲಿಯ ಪೇಟೆಯಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿ. 1959ರಲ್ಲಿ ಭಾರತವು ಆ ಪ್ರದೇಶಕ್ಕೆಂದೇ 'ಗಲ್ಫ್ ರೂಪಾಯಿ' ನೋಟುಗಳನ್ನು ಬೇರೆಯಾಗಿ ಅಚ್ಚುಹಾಕಿಸಿತು. 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮದೇ ನಾಣ್ಯವನ್ನು ಹೊರಡಿಸಿದವು. 1966ರ ಜೂನಿನಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿದ ಮೇಲೆ ಉಳಿದವರೂ ಅದನ್ನು ಬಿಡತೊಡಗಿದರು. ಎಣ್ಣೆ ಸಿಕ್ಕಿದ್ದು 1908ರಲ್ಲಿ ಇರಾನಿನಲ್ಲಿ, 1932ರಲ್ಲಿ ಬಹರೈನಿನಲ್ಲಿ, 1938ರಲ್ಲಿ ಕುವೈತ್ ಮತ್ತು ಸೌದಿ ಅರೇಬಿಯಗಳಲ್ಲಿ. ಎಣ್ಣೆ ತೆಗೆದ ಬ್ರಿಟಿಷ್, ಅಮೆರಿಕನ್ ಕಂಪೆನಿಗಳಿಗೆ ಇಂಗ್ಲಿಷಿನಲ್ಲಿ ಕಡತ ಇಡಬಲ್ಲ, ಯುರೋಪಿನವರಿಗಿಂತ ಕಡಿಮೆ ಸಂಬಳಕ್ಕೆ ದುಡಿಯಬಲ್ಲ ಜನ ಬೇಕಾಗಿದ್ದರು. ಅಂಥವರು ಬೊಂಬಾಯಿಯಲ್ಲಿ ಧಾರಾಳವಾಗಿ ದೊರೆತರು. ಗೋವೆಯವರು, ಮಂಗಳೂರಿನ ಕ್ರೈಸ್ತರು, ಮಲಯಾಳಿಗಳು ಹೀಗೆ ಕೊಲ್ಲಿಯ ಕಛೇರಿಗಳನ್ನು ಸೇರಿದರು. ಇಂಗ್ಲಿಷು ಬಲ್ಲ ಪರದೇಶಿಗೆ ಅಲ್ಲಿ ಕೆಲಸವಿತ್ತು. ಆದರೆ ಅವನಿಗೆ ಇಷ್ಟು, ಇಂಗ್ಲಿಷರಿಗೆ ಇಷ್ಟು ಎಂಬ ಭೇದವೂ ಮೊದಲ ದಿನದಿಂದಲೇ ಇತ್ತು.

ಆ ಕಾಲದ ಅರ್ಹತೆಯೆಂದರೆ ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್. ಪುತ್ತೂರಿನಂತಹ ಪೇಟೆಗಳಲ್ಲಿಯೂ ಮಾಳಿಗೆಯ ಮೇಲೊಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟು ಇರುತ್ತಿದ್ದುದನ್ನು ನನ್ನ ವಯಸ್ಸಿನವರು ಬಲ್ಲರು. ಹಳೆಯ ರೆಮಿಂಗ್ಟನ್ ಯಂತ್ರಗಳ ಸಾಲು, ಗಂಟೆಗಿಷ್ಟೆಂದು ಪಾಳಿ, ಲೋವರ್ ಆದ ಮೇಲೆ ಹಯರ್. ಅಲ್ಲಿ ಕಲಿತವರಲ್ಲಿ ಇಂಗ್ಲಿಷಿನಲ್ಲಿ ಹತ್ತು ಮಾತು ಸರಾಗವಾಗಿ ಆಡಬಲ್ಲವರು ವಿರಳ. ಆದರೆ "ತಮ್ಮ ವಿಧೇಯ" ಎಂದು ಮುಗಿಯುವ ಅರ್ಜಿಯನ್ನು ತಪ್ಪಿಲ್ಲದೆ ಹೊಡೆಯಬಲ್ಲವರು ಬೇಕಾದಷ್ಟು ಮಂದಿ ಇದ್ದರು. ಕೆಲಸ ಕೊಡುವವರಿಗೂ ಅಷ್ಟೇ ಬೇಕಾಗಿತ್ತು.

ಹಳ್ಳಿಯಲ್ಲಿ ಹೈಸ್ಕೂಲನ್ನೇ ಕಾಣದವರಿಗೆ ಬೊಂಬಾಯಿಯೇ ಶಾಲೆಯಾಯಿತು. ಕರಾವಳಿಯಿಂದ ಹನ್ನೆರಡು, ಹದಿಮೂರು ವಯಸ್ಸಿನಲ್ಲಿ ಹೋಟೆಲು ಕೆಲಸಕ್ಕೆ ಹೋದ ಹುಡುಗರು ಹಗಲೆಲ್ಲ ಲೋಟ ತೊಳೆದು, ಟೇಬಲು ಒರಸಿ, ಸಂಜೆ ಕನ್ನಡ ರಾತ್ರಿಶಾಲೆಗಳಿಗೆ ಹೋದ ಕತೆ ನಮ್ಮ ವಿದ್ಯಾಭ್ಯಾಸದ ಚರಿತ್ರೆಯಲ್ಲಿಯೇ ದೊಡ್ಡ ಅಧ್ಯಾಯ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1932ರ ಬಿಲ್ಲವರ ಅಸೋಸಿಯೇಶನ್ ಮುಂತಾದ ಸಂಘಗಳು ಇಂತಹ ರಾತ್ರಿ ಹೈಸ್ಕೂಲುಗಳನ್ನು ನಡೆಸಿದವು. ಕನ್ನಡ ಮಾಧ್ಯಮದಲ್ಲಿ ಪಾಠ, ಜತೆಗೆ ಇಂಗ್ಲಿಷು. ಅಲ್ಲಿ ಮೆಟ್ರಿಕ್ ಮುಗಿಸಿದವರು ಹೋಟೆಲಿನಿಂದ ಕಛೇರಿಗೆ, ಬ್ಯಾಂಕಿಗೆ, ಕೆಲವರು ಅಲ್ಲಿಂದಲೇ ಹಡಗು ಹತ್ತಿ ಕೊಲ್ಲಿಯ ದೇಶಗಳಿಗೆ ಹೋದರು. ಸರಕಾರ ಯೋಚಿಸುವ ಮೊದಲೇ ಬಡವರ ಸಂಘಗಳು ಬಡವರ ಮಕ್ಕಳಿಗೆ ಆ ಒಂದು ಕಾಗದವನ್ನು ಗಳಿಸಿಕೊಟ್ಟಿದ್ದವು.

ನನ್ನ ವೃತ್ತಿಯವರ ವಿಷಯವನ್ನೂ ಹೇಳಬೇಕು. ಇಂಗ್ಲಿಷು ಕಲಿಸುವುದಕ್ಕೆಂದೇ, ಅಥವಾ ಇಂಗ್ಲಿಷಿನಲ್ಲಿ ಗಣಿತ, ವಿಜ್ಞಾನ ಕಲಿಸುವುದಕ್ಕೆಂದು ಭಾರತದ ಮಾಸ್ತರರನ್ನು ಕರೆದ ದೇಶಗಳಿದ್ದವು. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದ ಇಥಿಯೋಪಿಯದಲ್ಲಿ ಪ್ರೌಢಶಿಕ್ಷಣದ ಮಾಧ್ಯಮ ಇಂಗ್ಲಿಷು. ಅಲ್ಲಿಯ ಶಾಲೆಗಳಲ್ಲಿ ಭಾರತೀಯ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿದ್ದರು, ಅವರಲ್ಲಿಯೂ ಕೇರಳದವರು ಹೆಚ್ಚು. ಮುಂದೆ ನೈಜೀರಿಯ, ಘಾನ, ಜಾಂಬಿಯಗಳೂ ಕರೆದವು. 1976ರಲ್ಲಿ ನೈಜೀರಿಯವು ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣದ ಯೋಜನೆಯನ್ನು ಆರಂಭಿಸಿದಾಗ ಶಿಕ್ಷಕರ ಕೊರತೆ ಬಹಳವಿತ್ತು. ಬಿ.ಎಡ್. ಆಗಿ ಖಾಸಗಿ ಶಾಲೆಯ ಅರ್ಧ ಸಂಬಳಕ್ಕೆ ದುಡಿಯುತ್ತಿದ್ದ ತರುಣರಿಗೆ ಆಫ್ರಿಕ ಎಂಬುದು ಪತ್ರಿಕೆಯ ಒಂದು ಜಾಹೀರಾತಿನಷ್ಟು ಹತ್ತಿರವಾಗಿತ್ತು. ಹೋದವರಿಗೆ ಅಲ್ಲಿಯ ಮಕ್ಕಳು ಮರ್ಯಾದೆ ಕೊಟ್ಟರು. ಸ್ವತಃ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಷ್ಟಪಟ್ಟು ಕಲಿತ ಮಾಸ್ತರನಿಗೆ, ಕಲಿಯುವವರ ಕಷ್ಟ ಎಲ್ಲಿದೆಯೆಂಬುದು ಇಂಗ್ಲೆಂಡಿನವನಿಗಿಂತ ಚೆನ್ನಾಗಿ ತಿಳಿದಿರುತ್ತದೆಂದು ನನ್ನ ನಂಬಿಕೆ.

1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಎಲ್ಲವೂ ಬದಲಾಯಿತು. ಕೊಲ್ಲಿಯ ದೇಶಗಳಿಗೆ ಗುಮಾಸ್ತರು ಮಾತ್ರವಲ್ಲ, ರಸ್ತೆ, ಬಂದರು, ಕಟ್ಟಡಗಳನ್ನು ಕಟ್ಟುವವರು ಲಕ್ಷಗಟ್ಟಲೆ ಬೇಕಾದರು. ಗಾರೆಯವನು, ಬಡಗಿ, ವೆಲ್ಡರು, ಡ್ರೈವರು, ಅಡುಗೆಯವನು – ಇವರೆಲ್ಲ ಹೊರಟರು. ಉಪ್ಪಿನಂಗಡಿ, ಕಡಬ, ಪುತ್ತೂರು ಕಡೆಯ ಬ್ಯಾರಿ ಮನೆಗಳಿಂದ, ಬೇಸಾಯದ ಮನೆಗಳಿಂದ ಹುಡುಗರು ಹೋದರು. 'ದ್ವಾರಕಾ' ಎಂಬ ಹಡಗು 1982ರ ವರೆಗೂ ಬೊಂಬಾಯಿಯಿಂದ ಕರಾಚಿಯ ಮೂಲಕ ಕೊಲ್ಲಿಗೆ ಜನರನ್ನು ಒಯ್ಯುತ್ತಿತ್ತು. ಆ ಬಳಿಕ ವಿಮಾನವೇ ದಾರಿ. ನಮ್ಮೂರಿನವನು ಮೊದಲು ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಊರವರ ಖೋಲಿಯಲ್ಲಿ ವಾರಗಟ್ಟಲೆ ಕಾದು, ಅಲ್ಲಿಂದ ವಿಮಾನ ಹತ್ತಬೇಕಿತ್ತು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಬಜ್ಪೆಯಿಂದ ದುಬಾಯಿಗೆ ನೇರ ವಿಮಾನ ಹಾರಿದ್ದು 2006ರಲ್ಲಿ.

ಇವರಿಗೆ ಅಲ್ಲಿ ಇಂಗ್ಲಿಷು ಬೇಕಾಯಿತೇ? ಮರಳಿ ಬಂದವರನ್ನು ಕೇಳಿದರೆ ನಗುತ್ತಾರೆ. ಕೆಲಸದ ಜಾಗದಲ್ಲಿ ನಡೆಯುತ್ತಿದ್ದುದು ಹಿಂದಿ–ಉರ್ದು ಬೆರೆತ ಮಾತು, ಮಲಯಾಳ, ಒಂದಿಷ್ಟು ಅರಬಿ. ತುಳು ಬಿಟ್ಟು ಬೇರೆ ಭಾಷೆ ಆಡದೆ ಬೆಳೆದ ಹುಡುಗ ಎರಡು ವರ್ಷಗಳಲ್ಲಿ ಮೂರು ಭಾಷೆ ಕಲಿತು ಬಂದದ್ದನ್ನು ನಾನು ಕಂಡಿದ್ದೇನೆ. ಮದ್ರಸದಲ್ಲಿ ಅರಬಿ ಓದಲು ಕಲಿತವರಿಗೂ ಅಲ್ಲಿಯ ಆಡುಮಾತು ಹೊಸತಾಗಿಯೇ ಇತ್ತು. ಶಾಲೆಯ ಇಂಗ್ಲಿಷಿನ ನೆನಪು ಅವರಿಗೆ ಬಂದದ್ದು ಕೆಲಸದಲ್ಲಲ್ಲ, ಕೆಲಸಕ್ಕೆ ಹೊರಡುವ ಮೊದಲು ಪಾಸ್‌ಪೋರ್ಟಿನ ವಿಚಾರ ಬಂದಾಗ.

ಇಲ್ಲಿ ಸ್ವಲ್ಪ ಕಾನೂನಿನ ಮಾತು ಅಗತ್ಯ. ತೋಟಗಳಿಗೆ ಕರಾರುಕೂಲಿಗಳನ್ನು ಸಾಗಿಸುವ ಪದ್ಧತಿ ನಿಂತ ಮೇಲೆ 1922ರಲ್ಲಿ ಎಮಿಗ್ರೇಶನ್ ಕಾಯಿದೆ ಬಂದಿತು. ಕೂಲಿಯವರನ್ನು ಮೋಸದಿಂದ ಕಾಪಾಡುವುದು ಅದರ ಉದ್ದೇಶ. ಆದರೆ ಕುಶಲ ಕೆಲಸವೆಂಬ ಅದರ ವ್ಯಾಖ್ಯೆಯಲ್ಲಿ ಗುಮಾಸ್ತ, ಅಂಗಡಿಯ ಸಹಾಯಕ, ಚಹಾದಂಗಡಿಯ ಮಾಣಿ, ಮನೆಗೆಲಸದವನು ಎಲ್ಲರೂ ಸೇರಿದ್ದರು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪರದೇಶಕ್ಕೆ ಹೋಗುವುದು ಪ್ರಜೆಯ ಹಕ್ಕು, ಪಾಸ್‌ಪೋರ್ಟು ಸರಕಾರದ ಕೃಪೆಯಲ್ಲವೆಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂದಿತು. 1983ರಲ್ಲಿ ಹೊಸ ಎಮಿಗ್ರೇಶನ್ ಕಾಯಿದೆಯಾಗಿ, ದೇಶದ ಪಾಸ್‌ಪೋರ್ಟುದಾರರು ಎರಡು ಪಂಗಡವಾದರು. ಒಬ್ಬನ ಪಾಸ್‌ಪೋರ್ಟಿನಲ್ಲಿ 'ಎಮಿಗ್ರೇಶನ್ ಚೆಕ್ ರಿಕ್ವಾಯರ್ಡ್' ಎಂಬ ಮುದ್ರೆ. ಇನ್ನೊಬ್ಬನಿಗೆ ಅದರಿಂದ ವಿನಾಯಿತಿ. ಮುದ್ರೆಯುಳ್ಳವನು ಕೆಲಸಕ್ಕೆ ಹೋಗಬೇಕಾದರೆ 'ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್' ಎಂಬ ಅಧಿಕಾರಿಯ ಒಪ್ಪಿಗೆ ಬೇಕು. ಆ ಕಛೇರಿ ಬಹುಕಾಲ ನಮ್ಮ ರಾಜ್ಯದಲ್ಲಿ ಇರಲಿಲ್ಲ; ಅದಕ್ಕೂ ಬೊಂಬಾಯಿಗೋ ಮದರಾಸಿಗೋ ಕೊಚ್ಚಿಗೋ ಹೋಗಬೇಕು.

ಈ ಎರಡು ಪಂಗಡಗಳನ್ನು ವಿಂಗಡಿಸುವ ಮುಖ್ಯ ಅಳತೆಗೋಲು ವಿದ್ಯಾಭ್ಯಾಸ. ಗೆರೆಯು ಕಾಲಕಾಲಕ್ಕೆ ಜರುಗಿದೆ. ಈಗ ಅದು ಹತ್ತನೆಯ ತರಗತಿಯ ತೇರ್ಗಡೆಯಲ್ಲಿ ನಿಂತಿದೆ. ಹತ್ತನೆಯದರಲ್ಲಿ ಪಾಸಾದವನು ನೇರವಾಗಿ ಹೋಗಬಹುದು. ನಪಾಸಾದವನು ಕೊಲ್ಲಿಯ ರಾಷ್ಟ್ರಗಳೂ ಮಲೇಶಿಯವೂ ಸೇರಿದ ಹದಿನೆಂಟು ದೇಶಗಳಿಗೆ ದುಡಿಯಲು ಹೋಗುವಾಗ ತಪಾಸಣೆಗೆ ಒಳಗಾಗಬೇಕು. ನಮ್ಮ ಕನ್ನಡ ಮಾಧ್ಯಮದ ಹಳ್ಳಿಶಾಲೆಗಳಲ್ಲಿ ಹುಡುಗರು ಎಸ್.ಎಸ್.ಎಲ್.ಸಿ.ಯಲ್ಲಿ ಯಾವುದರಲ್ಲಿ ನಪಾಸಾಗುತ್ತಿದ್ದರೆಂದು ಮಾಸ್ತರರಿಗೆ ಹೇಳಿಕೊಡಬೇಕಾಗಿಲ್ಲ: ಗಣಿತ ಮತ್ತು ಇಂಗ್ಲಿಷು. ಐದನೆಯ ತರಗತಿಯಲ್ಲಿ ಎ, ಬಿ, ಸಿ ತೊಡಗಿ, ಐದಾರು ವರ್ಷಗಳಲ್ಲಿ ಪ್ರಬಂಧ ಬರೆಯಬೇಕಾದ ಹುಡುಗ 35 ಅಂಕಗಳ ಈಚೆಗೋ ಆಚೆಗೋ ಬೀಳುತ್ತಿದ್ದ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನಿಗೆ 36, ಇನ್ನೊಬ್ಬನಿಗೆ 31. ಮುಂದೆ ಇಬ್ಬರೂ ಒಂದೇ ಊರಿಗೆ, ಒಂದೇ ಬಗೆಯ ಕೆಲಸಕ್ಕೆ ಹೋದರೂ ದೇಶದ ಕಣ್ಣಿನಲ್ಲಿ ಅವರು ಎರಡು ಜಾತಿಯವರು. ಪಾಸಾದವನು ಅಲ್ಲಿ ಒಂದು ವಾಕ್ಯವನ್ನೂ ಇಂಗ್ಲಿಷಿನಲ್ಲಿ ಆಡದೆ ಇರಬಹುದು. ಆದರೂ ಆ 36 ಅಂಕ ಅವನ ಜೇಬಿನಲ್ಲಿತ್ತು.

2018ರ ಜನವರಿಯಲ್ಲಿ ಕೇಂದ್ರ ಸರಕಾರ, ಈ ಮುದ್ರೆಯುಳ್ಳವರಿಗೆ ಕಿತ್ತಳೆ ಬಣ್ಣದ ಹೊದಿಕೆಯ ಪಾಸ್‌ಪೋರ್ಟು ಕೊಡುವುದಾಗಿ ಪ್ರಕಟಿಸಿತು. ಓದದವನೆಂಬುದು ದೂರದಿಂದಲೇ ಗೊತ್ತಾಗುವಂತಹ ಏರ್ಪಾಡು! ಟೀಕೆ ಹೆಚ್ಚಾಗಿ, ಅದೇ ತಿಂಗಳ ಕೊನೆಯಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ಹೊದಿಕೆಯ ಬಣ್ಣ ಉಳಿಯಿತು, ಒಳಗಿನ ಮುದ್ರೆ ಹಾಗೆಯೇ ಇದೆ.

ಆದರೆ ನ್ಯಾಯವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ಆ ಮುದ್ರೆ ಅವಮಾನ ಮಾತ್ರವಲ್ಲ, ಒಂದು ರಕ್ಷಣೆಯೂ ಹೌದು. ಅದು ಇದ್ದವನ ಕರಾರನ್ನು ಅಧಿಕಾರಿಯೊಬ್ಬರು ನೋಡುತ್ತಾರೆ. 2003ರಿಂದ ಅವನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯವಾಗಿದೆ. ಮೂವತ್ತು ವರ್ಷ ತುಂಬದ ಹೆಂಗಸರನ್ನು ಮನೆಗೆಲಸಕ್ಕೆ ಕಳುಹಿಸುವಂತಿಲ್ಲ. ವಿನಾಯಿತಿ ಪಡೆದವನನ್ನು ಹಾಗೆ ವಿಚಾರಿಸುವವರಿಲ್ಲ. ಅವನು ಓದಿದವನು, ತನ್ನ ಕರಾರನ್ನು ತಾನೇ ಓದಿಕೊಳ್ಳುತ್ತಾನೆಂದು ಕಾನೂನು ಭಾವಿಸುತ್ತದೆ.

ಹಾಗೆ ಓದಿಕೊಳ್ಳುತ್ತಿದ್ದನೇ ಎಂಬುದೇ ಪ್ರಶ್ನೆ. ಹಳೆಯ ವಿದ್ಯಾರ್ಥಿಗಳು, ಅವರ ತಂದೆಯವರು ಕಾಗದಗಳನ್ನು ಹಿಡಿದುಕೊಂಡು ನಮ್ಮಂಥವರ ಮನೆಗೆ ಬರುತ್ತಿದ್ದ ಕಾಲವಿತ್ತು. "ಮಾಸ್ಟ್ರೇ, ಇದರಲ್ಲಿ ಸಂಬಳ ಎಷ್ಟೂಂತ ಬರೆದುಂಟು, ಒಮ್ಮೆ ನೋಡಿ ಹೇಳಿ." ಒಂದು ಸಲ ಬಂದ ಹುಡುಗ ಹತ್ತನೆಯ ತರಗತಿ ಪಾಸಾದವನೇ. ಏಜೆಂಟನು ಅವನಿಗೆ ಡ್ರೈವರ್ ಕೆಲಸವೆಂದು ಹೇಳಿ ಹಣ ಕಟ್ಟಿಸಿಕೊಂಡಿದ್ದ. ಕಾಗದದಲ್ಲಿ ಇದ್ದ ಶಬ್ದ 'ಲೇಬರ್'. ಊಟ, ವಸತಿಯ ಸಾಲಿನಲ್ಲಿ ಏನೂ ತುಂಬಿರಲಿಲ್ಲ. ತಂದೆ ಮಗ ಇಬ್ಬರೂ ಬಹಳ ಹೊತ್ತು ಸುಮ್ಮನಿದ್ದರು. ತೋಟದ ಮೇಲೆ ಸಾಲ ಆಗಲೇ ಆಗಿತ್ತು. "ಹೋದ ಮೇಲೆ ಸರಿ ಮಾಡಿಸಿಕೊಡುತ್ತಾರಂತೆ" ಎಂದು ಹುಡುಗ ಹೇಳಿದ. ಅವನು ಹೋದ. ಸರಿಯಾಗಲಿಲ್ಲ. ಸಾಲ ತೀರುವ ತನಕ ದುಡಿದು ಮರಳಿದ.

ಕೊಲ್ಲಿಯ ಕರಾರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಪಾರ್ಶ್ವದಲ್ಲಿ ಅರಬಿ, ಇನ್ನೊಂದು ಪಾರ್ಶ್ವದಲ್ಲಿ ಇಂಗ್ಲಿಷು ಇರುತ್ತದೆ. ಎರಡಕ್ಕೂ ಭೇದ ಬಂದರೆ ಅಲ್ಲಿಯ ನ್ಯಾಯಾಲಯದಲ್ಲಿ ನಿಲ್ಲುವುದು ಅರಬಿಯ ಪಾಠ. ಇಂಗ್ಲಿಷು ಚೆನ್ನಾಗಿ ಬಲ್ಲವನಿಗೂ ಅರ್ಧ ಕಾಗದ ಮಾತ್ರ ಅವನದು. ಅದರ ಮೇಲೆ ಕಫಾಲ ಪದ್ಧತಿ: ಪರದೇಶಿಯ ವಾಸ ಮತ್ತು ಕೆಲಸ ಎರಡೂ ಧಣಿಯ ಒಪ್ಪಿಗೆಗೆ ಕಟ್ಟಿಹಾಕಲ್ಪಟ್ಟಿದ್ದವು. 2020ರಲ್ಲಿ ಕತಾರ್, 2021ರಲ್ಲಿ ಸೌದಿ ಅರೇಬಿಯ ಈ ಕಟ್ಟನ್ನು ಸಡಿಲಿಸಿದವು. ಅಲ್ಲಿಯ ವರೆಗೆ ಧಣಿಯನ್ನು ಬಿಟ್ಟು ಬೇರೆ ಕೆಲಸ ಹಿಡಿಯುವುದು ಓದಿದವನಿಗೂ ಓದದವನಿಗೂ ಒಂದೇ ರೀತಿ ಕಷ್ಟವಾಗಿತ್ತು.

1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ಈ ಅಂತರವೆಲ್ಲ ಒಮ್ಮೆಗೇ ಅಳಿಸಿಹೋಯಿತು. ಕಛೇರಿಯ ಮ್ಯಾನೇಜರನೂ ಕಟ್ಟಡದ ಕೂಲಿಯವನೂ ಒಂದೇ ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದು ವಿಮಾನಕ್ಕಾಗಿ ಕಾದರು. ಏರ್ ಇಂಡಿಯ ಎರಡು ತಿಂಗಳುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕರೆತಂದಿತು. ಬ್ಯಾಂಕಿನಲ್ಲಿದ್ದ ಉಳಿತಾಯ, ಕಂಪೆನಿಯಿಂದ ಬರಬೇಕಾದ ಹಣ ಅಲ್ಲಿಯೇ ಉಳಿಯಿತು. ಮುಂದೆ ಸಂಯುಕ್ತ ರಾಷ್ಟ್ರ ಸಂಸ್ಥೆಯ ಮೂಲಕ ಪರಿಹಾರ ಕೇಳುವ ಅವಕಾಶ ಬಂದಾಗ ಮತ್ತೆ ಅರ್ಜಿ, ಮತ್ತೆ ದಾಖಲೆ, ಮತ್ತೆ ಕಾಗದ. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದಂಚಿನಿಂದ ಕೆಳಗುರುಳಿ 158 ಮಂದಿ ಸತ್ತರು. ಬದುಕುಳಿದವರು ಎಂಟೇ ಮಂದಿ. ಆ ದಿನ ನಮ್ಮ ಜಿಲ್ಲೆಯ ಮತ್ತು ಕಾಸರಗೋಡಿನ ಎಷ್ಟೋ ಮನೆಗಳಿಗೆ, ಗಲ್ಫಿನ ದುಡಿಮೆಯ ಬೆಲೆ ಏನೆಂಬುದು ಯಾರೂ ಹೇಳದೆ ತಿಳಿಯಿತು.

ಈಚೆಗೆ ನಮ್ಮ ಕಡೆಯಿಂದ ಹೋಗುವವರಲ್ಲಿ ದಾದಿಯರದೇ ಬೇರೆ ಸಾಲು. ಕಡಬ, ನೆಲ್ಯಾಡಿ ಸುತ್ತಿನಲ್ಲಿ ತಿರುವಾಂಕೂರಿನಿಂದ ಬಂದು ಕಾಡು ಕಡಿದು ರಬ್ಬರು ನೆಟ್ಟ ಮನೆತನಗಳಿವೆ. ಆ ಮನೆಗಳ ಹೆಣ್ಣುಮಕ್ಕಳು ಈ ದಾರಿಯನ್ನು ಮೊದಲು ಹಿಡಿದರು; ಈಗ ಎಲ್ಲ ಮತದವರೂ ಹೋಗುತ್ತಾರೆ. ನರ್ಸಿಂಗ್ ಪಾಠವೆಲ್ಲ ಇಂಗ್ಲಿಷಿನಲ್ಲಿ. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಓದಿ, ಪರೀಕ್ಷೆ ಬರೆದು, ಆಸ್ಪತ್ರೆಯಲ್ಲಿ ಇಂಗ್ಲಿಷಿನಲ್ಲಿಯೇ ದಾಖಲೆ ಬರೆದವಳು ಇಂಗ್ಲೆಂಡಿಗೆ ಹೋಗಬೇಕಾದರೆ, ತನಗೆ ಇಂಗ್ಲಿಷು ಬರುತ್ತದೆಂದು ಸಾಮಾನ್ಯವಾಗಿ ಐ.ಇ.ಎಲ್.ಟಿ.ಎಸ್. ಅಥವಾ ಒ.ಇ.ಟಿ. ಪರೀಕ್ಷೆಯಲ್ಲಿ ಮತ್ತೆ ತೋರಿಸಿಕೊಡಬೇಕು. ಅಲ್ಲಿಯ ನರ್ಸಿಂಗ್ ಮಂಡಳಿಯ ಪ್ರಕಾರ ಇಂಗ್ಲಿಷು ಬಹುಜನರ ಮಾತಾಗಿರುವ ದೇಶಗಳ ಸಾಲಿನಲ್ಲಿ ಭಾರತವಿಲ್ಲ. ದಕ್ಷಿಣ ಕೊರಿಯವು ಭಾಷಾಶಿಕ್ಷಕರಿಗೆ ಕೊಡುವ ವೀಸಾವೂ ಮುಖ್ಯವಾಗಿ ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯ ಮುಂತಾದ ಏಳು ದೇಶಗಳವರಿಗೆ. ಅಲ್ಲಿಯ ಯಾವುದೇ ಪದವೀಧರ ತರುಣ ಹೋಗಿ ಇಂಗ್ಲಿಷು ಕಲಿಸಬಹುದು. ಮೂವತ್ತು ವರ್ಷ ಇಂಗ್ಲಿಷು ಕಲಿಸಿದ ನಮ್ಮ ಮಾಸ್ತರನಿಗೆ ಅದು ಸುಲಭವಲ್ಲ. ಅಂದು ಕೊಲ್ಲಿಯ ಕಛೇರಿಯಲ್ಲಿದ್ದ ಎರಡು ಬಗೆಯ ಸಂಬಳದ ಭೇದ ಬೇರೊಂದು ರೂಪದಲ್ಲಿ ಇಂದಿಗೂ ಇದೆಯೆನ್ನಬಹುದು. ಇಂಗ್ಲಿಷು ಬಲ್ಲವನೇ ಎಂದು ಕೇಳುವ ಮೊದಲು ಎಲ್ಲಿಯವನೆಂದು ಕೇಳುವ ಜಗತ್ತು ಇದು.

2007ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಬಂದಿದೆ. ಹಳದಿ ಬಸ್ಸುಗಳು ಕೋಡಿಂಬಾಳದ ಒಳದಾರಿಗಳಿಗೂ ಬಂದು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಒಯ್ಯುತ್ತವೆ. ಇದನ್ನು ನಾನು ಹಳಿಯುವವನಲ್ಲ. ಆದರೆ ಪರದೇಶದ ಕೆಲಸಕ್ಕಾಗಿ ಇಂಗ್ಲಿಷು ಎನ್ನುವುದಾದರೆ, ಉಚ್ಚಾರದ ಬೆಡಗನ್ನು ಬಿಟ್ಟು ಕೆಲವು ಸಾಮಾನ್ಯ ವಿಷಯಗಳನ್ನು ಹೈಸ್ಕೂಲಿನಲ್ಲಿಯೇ ಕಲಿಸಬೇಕು. ಕರಾರಿನಲ್ಲಿ ಕೆಲಸದ ಹೆಸರು ಏನಿದೆ, ಮೂಲ ಸಂಬಳ ಮತ್ತು ಭತ್ಯೆ ಬೇರೆಬೇರೆಯಾಗಿ ಎಷ್ಟು, ದುಡಿಮೆಯ ಹೊತ್ತು ಎಷ್ಟು, ರಜೆ ಮತ್ತು ಮರಳುವ ಟಿಕೇಟು ಯಾರ ಖರ್ಚು, ಅರಬಿಯ ಪಾರ್ಶ್ವವನ್ನು ಬಲ್ಲವರೊಬ್ಬರಿಂದ ಓದಿಸಲಾಗಿದೆಯೇ, ಕಳುಹಿಸುವ ಏಜೆಂಟನಿಗೆ ಸರಕಾರದ ಪರವಾನಗಿ ಉಂಟೇ – ಇಷ್ಟನ್ನು ನೋಡಿಕೊಳ್ಳಲು ದೊಡ್ಡ ಪಾಂಡಿತ್ಯ ಬೇಡ. ಹತ್ತನೆಯ ತರಗತಿಯ ಪಠ್ಯದಲ್ಲಿ ರಜೆ ಕೇಳುವ ಅರ್ಜಿಯ ಪಕ್ಕದಲ್ಲಿ ಇಂತಹ ಒಂದು ಕರಾರುಪತ್ರದ ಮಾದರಿಯನ್ನೂ ಅಚ್ಚುಹಾಕಿದರೆ ಎರಡು ಪುಟ ಹೆಚ್ಚಾದೀತು, ಅಷ್ಟೇ. ಈಗ ಕಲಿಸುತ್ತಿರುವ ಮಾಸ್ತರರು ಮತ್ತು ಟೀಚರರು ಅದನ್ನು ಪಠ್ಯದಲ್ಲಿ ಬರುವ ತನಕ ಕಾಯದೆ, ಊರಿಗೆ ರಜೆಯಲ್ಲಿ ಬಂದ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಪ್ರತಿ ಕೇಳಿ ಪಡೆದು, ಹೆಸರು ಮರೆಮಾಡಿ, ಕರಿಹಲಗೆಯ ಮೇಲೆ ಬರೆದು ಓದಿಸಬಹುದು.